ಗಿರಾಕಿಯಿಲ್ಲದ ಅಚ್ಚುಕೂಟ: ವೆರ್ಕ್‌ಮನ್ ಮತ್ತು ಅಚ್ಚುಮೊಳೆಯ ಚಿತ್ರಕಲೆ

ಯೂರೋಪಿನಲ್ಲಿ 15ನೆಯ ಶತಮಾನದ ಮಧ್ಯಭಾಗದಲ್ಲಿ ಬಿಡಿ ಅಚ್ಚುಮೊಳೆಗಳ ಮುದ್ರಣ ನೆಲೆಯೂರಿದ ಮೇಲೆ ಸುಮಾರು ನಾಲ್ಕೂವರೆ ಶತಮಾನಗಳ ಕಾಲ, ಓದುವವರ ಗಮನ ಅಕ್ಷರದ ಮೇಲೆ ನಿಲ್ಲದೆ ನೇರವಾಗಿ ಅರ್ಥದ ಕಡೆಗೆ ಹೋಗುವಂತೆ ಪುಟವನ್ನು ಕಟ್ಟುವುದೇ ಆ ಕಸುಬಿನ ಒಳ್ಳೆಯ ಕೆಲಸವೆಂಬ ತಿಳಿವಳಿಕೆ ಬೇರೂರಿತ್ತು. ಶಾಯಿ ಎಲ್ಲ ಕಡೆಯೂ ಸಮನಾಗಿ ಹತ್ತಿರಬೇಕು, ಸಾಲುಗಳು ನೆಟ್ಟಗಿರಬೇಕು, ಪದಗಳ ನಡುವಣ ತೆರವು ಕಣ್ಣಿಗೆ ಬೀಳದಷ್ಟು ಹದವಾಗಿರಬೇಕು. ಸವೆದ ಮೊಳೆ, ಮಸುಕಾದ ಅಚ್ಚು, ಓರೆಯಾದ ಸಾಲು ಇವೆಲ್ಲ ಮುದ್ರಕನಿಗೆ ನಾಚಿಕೆ ತರುವ ಸಂಗತಿಗಳು. 20ನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿ, ಅಕ್ಷರವನ್ನು ಓದಿನ ಗುರುತೆಂದು ಕಾಣುವ ಮೊದಲೇ ಕಾಗದದ ಮೇಲಿನ ಒಂದು ಆಕಾರವೆಂದು ಕಂಡ ಕಲೆ ಹುಟ್ಟಿತು. ಅದರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕವಿಗಳಿಂದ, ಚಿತ್ರಕಾರರಿಂದ, ಅವರು ಹೊರಡಿಸಿದ ಪ್ರಣಾಳಿಕೆಗಳಿಂದ ಆರಂಭಿಸುತ್ತಾರೆ. ಆದರೆ ಆ ದಾರಿಯಲ್ಲಿ ಬಹುಶಃ ಎಲ್ಲರಿಗಿಂತ ಮುಂದೆ ಹೋದ ಹೆಂಡ್ರಿಕ್ ನಿಕೋಲಾಸ್ ವೆರ್ಕ್‌ಮನ್ ನೆದರ್ಲೆಂಡ್ಸಿನ ಉತ್ತರ ತುದಿಯಲ್ಲಿರುವ ಗ್ರೋನಿಂಗೆನ್ ನಗರದ ಒಬ್ಬ ವೃತ್ತಿ ಮುದ್ರಕ. ಅವನ ಕಲೆಗೆ ಮೂಲ ಬಂಡವಾಳವಾದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ, ಗಿರಾಕಿಗಳನ್ನು ಕಳೆದುಕೊಂಡ ಒಂದು ಅಚ್ಚುಕೂಟದ ಸಾಮಗ್ರಿ ಮತ್ತು ಆ ಸಾಮಗ್ರಿಯನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲ ಕೈ.

ಈ ಮಾತು ಸ್ಪಷ್ಟವಾಗಬೇಕಾದರೆ ಮೊಳೆ ಮುದ್ರಣದ ಕ್ರಮವನ್ನು ಸ್ವಲ್ಪ ನೋಡಬೇಕಾಗುತ್ತದೆ. ಇದು ಉಬ್ಬಚ್ಚಿನ ಪದ್ಧತಿ, ಎಂದರೆ ಮೇಲಕ್ಕೆ ಉಬ್ಬಿರುವ ಭಾಗಕ್ಕೆ ಮಾತ್ರ ಶಾಯಿ ಹತ್ತಿ, ಅದು ಮಾತ್ರ ಕಾಗದದ ಮೇಲೆ ಮೂಡುವ ವಿಧಾನ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಮುದ್ರಣವಾದ ಕಲ್ಲಚ್ಚಿನಲ್ಲಿ ಉಬ್ಬು ತಗ್ಗುಗಳಿರುವುದಿಲ್ಲ; ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಮತ್ತು ಜಿಡ್ಡು ಒಂದಕ್ಕೊಂದು ಸೇರದ ಗುಣದಿಂದ ಅಚ್ಚು ತೆಗೆಯಲಾಗುತ್ತದೆ, ಆದ್ದರಿಂದ ಅಲ್ಲಿ ಕೈಬರಹ, ಚಿತ್ರ, ಗೆರೆ ಯಾವುದನ್ನು ಬೇಕಾದರೂ ಸಲೀಸಾಗಿ ಮೂಡಿಸಬಹುದು. ಮೊಳೆ ಮುದ್ರಣದಲ್ಲಿ ಅಂಥ ಸ್ವಾತಂತ್ರ್ಯವಿಲ್ಲ. ಸೀಸ, ತವರ, ಆಂಟಿಮನಿಗಳ ಮಿಶ್ರಲೋಹದಲ್ಲಿ ಎರಕ ಹೊಯ್ದ ಪ್ರತಿಯೊಂದು ಮೊಳೆಗೂ ಒಂದೇ ಎತ್ತರವಿರಬೇಕು, ಇಂಗ್ಲೆಂಡ್ ಮತ್ತು ಅಮೆರಿಕಗಳ ಪದ್ಧತಿಯಲ್ಲಿ ಅದು 0.918 ಅಂಗುಲ, ಪದಗಳ ನಡುವೆ ಇಡುವ ಸ್ಪೇಸುಗಳು, ಸಾಲುಗಳ ನಡುವೆ ಇಡುವ ಲೆಡ್ಡುಗಳು, ಅಂಚಿನ ಖಾಲಿ ಜಾಗವನ್ನು ತುಂಬುವ, ಮುದ್ರಕರು ಫರ್ನಿಚರ್ ಎಂದು ಕರೆಯುವ ಮರದ ತುಂಡುಗಳು ಇವೆಲ್ಲ ಅದಕ್ಕಿಂತ ಗಿಡ್ಡ, ಹಾಗಾಗಿ ಅವು ಪುಟವನ್ನು ಹಿಡಿದು ನಿಲ್ಲಿಸಿದರೂ ಪುಟದಲ್ಲಿ ಕಾಣುವುದಿಲ್ಲ. ಇಡೀ ಜೋಡಣೆಯನ್ನು ಚೇಸ್ ಎಂಬ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಾಗ ಎಲ್ಲವೂ ಲಂಬಕೋನದಲ್ಲೇ ನಿಲ್ಲಬೇಕಾದ್ದರಿಂದ ಅಡ್ಡ ಮತ್ತು ಉದ್ದ ಎಂಬ ಎರಡು ದಿಕ್ಕುಗಳನ್ನು ಬಿಟ್ಟರೆ ಮೂರನೆಯ ದಿಕ್ಕು ಈ ಕಸುಬಿಗೆ ಸಹಜವಲ್ಲ. ಆದರೆ ಈ ಕಟ್ಟುನಿಟ್ಟಿನೊಳಗೇ ಒಂದು ಸಡಿಲವೂ ಇದೆ: ಮೊಳೆಯ ಎತ್ತರಕ್ಕೆ ತಂದು ನಿಲ್ಲಿಸಿದ ವಸ್ತು ಯಾವುದೇ ಆಗಿರಲಿ, ಅಕ್ಷರವಾಗಿರಲಿ ಬಿಡಲಿ, ಅಚ್ಚಾಗಿಯೇ ತೀರುತ್ತದೆ.

ಅಕ್ಷರವನ್ನು ಆಕಾರವಾಗಿ ನೋಡುವ ಅಭ್ಯಾಸ ಬೆಳೆದದ್ದು ಪುಸ್ತಕದ ಪುಟದಲ್ಲಿ ಅಲ್ಲ, ಗೋಡೆಗೆ ಹಚ್ಚುವ ಭಿತ್ತಿಪತ್ರದಲ್ಲಿ. 19ನೆಯ ಶತಮಾನದ ಆರಂಭದಲ್ಲಿ ಯೂರೋಪ್ ಮತ್ತು ಅಮೆರಿಕದ ಪೇಟೆಗಳಲ್ಲಿ ಜಾಹೀರಾತು ಹೆಚ್ಚಿದಂತೆ ದೂರದಿಂದ ಕಾಣುವ ದೊಡ್ಡ ಅಕ್ಷರಗಳಿಗೆ ಬೇಡಿಕೆ ಬಂತು. ಅಷ್ಟು ದೊಡ್ಡ ಅಕ್ಷರವನ್ನು ಲೋಹದಲ್ಲಿ ಹೊಯ್ದರೆ ತೂಕ ವಿಪರೀತ, ಬೆಲೆ ದುಬಾರಿ, ಎರಕ ಆರುವಾಗ ಮೇಲ್ಮೈ ಒಂದೇ ಮಟ್ಟದಲ್ಲಿ ನಿಲ್ಲುವುದೂ ಕಷ್ಟ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಹಲಗೆಯನ್ನು ವೇಗವಾಗಿ ತಿರುಗುವ ಉಳಿಯಿಂದ ಕೊರೆಯುವ ಯಂತ್ರವನ್ನು ಬಳಕೆಗೆ ತಂದು ಮರದ ಮೊಳೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೊಗ್ರಾಫನ್ನು, ಎಂದರೆ ಒಂದು ಮಾದರಿಯ ಅಂಚಿನ ಮೇಲೆ ಕಡ್ಡಿ ಎಳೆದರೆ ಅದೇ ಆಕಾರವನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ ಇನ್ನೊಂದು ಕಡೆ ಮೂಡಿಸುವ ಸಲಕರಣೆಯನ್ನು ಜೋಡಿಸಿದ. ಇದರಿಂದ ಒಂದೇ ಮಾದರಿಯಿಂದ ಹತ್ತಾರು ಅಳತೆಯ ಅಕ್ಷರಗಳು ಹೊರಬಂದವು. ಮೇಪಲ್ ಮರದ ಅಡ್ಡಕೊಯ್ತದ ಮುಖ ಗಟ್ಟಿಯಾಗಿದ್ದು ಸಾವಿರಾರು ಅಚ್ಚುಗಳನ್ನು ತಾಳಿಕೊಳ್ಳುತ್ತಿತ್ತು. 1880ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಎಂಬ ಊರಿನಲ್ಲಿ ಆರಂಭವಾದ ಹ್ಯಾಮಿಲ್ಟನ್ ಸಂಸ್ಥೆ ಕೆಲವೇ ದಶಕಗಳಲ್ಲಿ ಪ್ರತಿಸ್ಪರ್ಧಿಗಳನ್ನು ಕೊಂಡು ಅಮೆರಿಕದ ಮರದ ಮೊಳೆಗಳ ವ್ಯಾಪಾರವನ್ನು ಬಹುಮಟ್ಟಿಗೆ ತನ್ನದಾಗಿಸಿಕೊಂಡಿತು.

ಈ ಮರದ ಅಕ್ಷರಗಳು ಬಂದ ಮೇಲೆ ಜಾಬ್ ಕೆಲಸದ ಮುದ್ರಕ, ಎಂದರೆ ಪುಸ್ತಕವನ್ನು ಮುದ್ರಿಸದೆ ಕರಪತ್ರ, ಆಮಂತ್ರಣ, ರಸೀದಿ, ಭಿತ್ತಿಪತ್ರಗಳನ್ನು ಮುದ್ರಿಸಿ ಬದುಕುವವನು, ತನಗೆ ಅರಿವಿಲ್ಲದೆಯೇ ಒಂದು ಬಗೆಯ ವಿನ್ಯಾಸಕಾರನಾದ. ಸಾಲಿನ ಅಗಲ ನಿಗದಿಯಾಗಿದ್ದು ಪದ ಚಿಕ್ಕದಾದರೆ ದಪ್ಪನೆಯ ಅಗಲ ಅಕ್ಷರ, ಪದ ಉದ್ದವಾದರೆ ಒತ್ತಿ ಕಿರಿದಾಗಿಸಿದ ಅಕ್ಷರ ಹಾಕಲೇಬೇಕು. ಒಂದು ವರ್ಗದ ಮೊಳೆ ಸಾಲದೆ ಬಂದರೆ ಇನ್ನೊಂದು ವರ್ಗದಿಂದ ಭರ್ತಿ ಮಾಡಬೇಕು. 19ನೆಯ ಶತಮಾನದ ಭಿತ್ತಿಪತ್ರಗಳಲ್ಲಿ ಕಾಣುವ, ಇಂದಿನವರು ಮೆಚ್ಚಿ ಅನುಕರಿಸುವ ವೈವಿಧ್ಯದ ಬಹುಭಾಗ ಹೀಗೆ ಪೆಟ್ಟಿಗೆಯಲ್ಲಿ ಏನಿದೆಯೋ ಅದರಿಂದ ಕೆಲಸ ಮುಗಿಸಬೇಕಾದ ಒತ್ತಾಯದಿಂದ ಬಂದದ್ದು. ಟ್ರೆಡಲ್ ಯಂತ್ರಗಳ ಕಾಲದಲ್ಲಿ ಕರ್ನಾಟಕದ ಊರುಗಳಲ್ಲಿ ಬಣ್ಣದ ತೆಳುಕಾಗದದ ಮೇಲೆ ಅಚ್ಚಾಗುತ್ತಿದ್ದ ನಾಟಕದ ಕರಪತ್ರಗಳನ್ನು ಕಂಡವರಿಗೆ ಈ ಒತ್ತಾಯದ ಚೆಲುವು ಅಪರಿಚಿತವಲ್ಲ.

ಕವಿಗಳು ಈ ಕ್ಷೇತ್ರಕ್ಕೆ ಬಂದದ್ದು ಆಮೇಲೆ. ಫ್ರೆಂಚ್ ಕವಿ ಸ್ಟೆಫಾನ್ ಮಲಾರ್ಮೆ 1897ರಲ್ಲಿ 'ಕಾಸ್ಮೊಪೊಲಿಸ್' ಪತ್ರಿಕೆಯಲ್ಲಿ ಪ್ರಕಟಿಸಿದ, ದಾಳದ ಎಸೆತವನ್ನು ಕುರಿತ ದೀರ್ಘ ಕವಿತೆಯಲ್ಲಿ ಬೇರೆ ಬೇರೆ ಅಳತೆಯ ಅಕ್ಷರಗಳೂ ಸಾಲುಗಳ ನಡುವಣ ವಿಶಾಲವಾದ ಬಿಳಿಯೂ ಅರ್ಥದ ಭಾಗವಾದವು. ಎದುರುಬದುರಿನ ಎರಡು ಪುಟಗಳನ್ನು ಒಂದೇ ಹರವಾಗಿ ಬಳಸುವ ಅವನ ಉದ್ದೇಶಕ್ಕೆ ಹತ್ತಿರವಾದ ಆವೃತ್ತಿ ಹೊರಬಂದದ್ದು ಅವನು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, 1914ರಲ್ಲಿ. ಅದೇ ವರ್ಷ ಇಟಲಿಯ ಮರಿನೆಟ್ಟಿ ಯುದ್ಧದ ಸದ್ದುಗಳನ್ನು ಅಕ್ಷರಗಳ ಗಾತ್ರದಿಂದ ಕೇಳಿಸಲು ಹೊರಟ ಪುಸ್ತಕವನ್ನು ಮಿಲಾನಿನಲ್ಲಿ ಪ್ರಕಟಿಸಿದ. 1923ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾದ, ಮಯಕೋವ್‌ಸ್ಕಿಯ ಕವಿತೆಗಳ ಸಂಗ್ರಹವೊಂದಕ್ಕೆ ರಷ್ಯದ ಎಲ್ ಲಿಸಿಟ್‌ಸ್ಕಿ ಮಾಡಿದ ವಿನ್ಯಾಸ ಇವೆಲ್ಲಕ್ಕಿಂತ ಮುಖ್ಯವಾದುದು, ಏಕೆಂದರೆ ಅಲ್ಲಿನ ಚಿತ್ರಗಳೆಲ್ಲ ಮುದ್ರಕನ ಪೆಟ್ಟಿಗೆಯಲ್ಲಿ ಸಿಗುವ ಮೊಳೆ, ಗೆರೆ, ಪಟ್ಟಿಗಳಿಂದಲೇ ಕಟ್ಟಿದವು. ಆದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಲಿಸಿಟ್‌ಸ್ಕಿ ಪ್ರತಿ ಪುಟಕ್ಕೂ ನಕ್ಷೆ ಬರೆದುಕೊಟ್ಟ, ರಷ್ಯನ್ ಭಾಷೆ ತಿಳಿಯದ ಜರ್ಮನ್ ಕಂಪೋಸಿಟರ್ ಅದನ್ನು ನೋಡಿಕೊಂಡು ಮೊಳೆ ಜೋಡಿಸಿದ. ಮಲಾರ್ಮೆಯೂ ಮರಿನೆಟ್ಟಿಯೂ ತಾವಾಗಿ ಮೊಳೆ ಮುಟ್ಟಿ ಪುಟ ಕಟ್ಟಿದವರಲ್ಲ. ಕಲ್ಪನೆ ಕಲಾವಿದನದು, ಕೈ ಕಸುಬಿನವನದು ಎಂಬ ಹಳೆಯ ವಿಭಜನೆ ಈ ಕ್ರಾಂತಿಕಾರರಲ್ಲಿಯೂ ಹಾಗೆಯೇ ಉಳಿದುಕೊಂಡಿತ್ತು.

ಅಕ್ಷರಗಳನ್ನು ಆಕೃತಿಯಾಗಿ ಜೋಡಿಸುವ ಹಂಬಲ ಯೂರೋಪಿಗೆ ಮಾತ್ರ ಸೇರಿದ್ದೇನೂ ಅಲ್ಲ. ಸಂಸ್ಕೃತ ಮತ್ತು ಕನ್ನಡದ ಅಲಂಕಾರಶಾಸ್ತ್ರಗಳು ಚಿತ್ರಕವಿತ್ವವೆಂಬ ಹೆಸರಿನಲ್ಲಿ ಪದ್ಮಬಂಧ, ಮುರಜಬಂಧ, ಗೋಮೂತ್ರಿಕೆಗಳಂಥ ರಚನೆಗಳನ್ನು ವಿವರಿಸುತ್ತವೆ. ಆದರೆ ಅಲ್ಲಿ ಮುಖ್ಯವಾಗುವುದು ಅಕ್ಷರ ಯಾವ ಸ್ಥಾನದಲ್ಲಿ ನಿಲ್ಲುತ್ತದೆ, ಎತ್ತಲಿಂದ ಓದಿದರೂ ಪದ್ಯ ಹೇಗೆ ಸರಿಬರುತ್ತದೆ ಎಂಬುದು. ತಾಮರಸದ ಎಸಳಿನಲ್ಲಿ ಕುಳಿತ ಅಕ್ಷರ ದಪ್ಪವೋ ತೆಳುವೋ, ಕಪ್ಪೋ ಮಸುಕೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ವೆರ್ಕ್‌ಮನ್ ಎತ್ತಿಕೊಂಡದ್ದು ಆ ಪ್ರಶ್ನೆಯನ್ನೇ.

ಆತ ಹುಟ್ಟಿದ್ದು 1882ರ ಏಪ್ರಿಲ್ 29ರಂದು, ಗ್ರೋನಿಂಗೆನ್ ಪ್ರಾಂತದ ಲೇನ್ಸ್ ಎಂಬ ಹಳ್ಳಿಯಲ್ಲಿ. ತಂದೆ ದನಗಳ ವೈದ್ಯ. ಮಗನಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡ. ಮುದ್ರಣಾಲಯದಲ್ಲಿ ಕೆಲಸ ಕಲಿತು, ಕೆಲಕಾಲ ಪತ್ರಿಕೋದ್ಯೋಗವನ್ನೂ ಮಾಡಿ, 1908ರಲ್ಲಿ ಗ್ರೋನಿಂಗೆನ್ನಿನಲ್ಲಿ ಸ್ವಂತ ಮುದ್ರಣ ಹಾಗೂ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿದ. ವ್ಯವಹಾರ ಚೆನ್ನಾಗಿದ್ದ ದಿನಗಳಲ್ಲಿ ಅಲ್ಲಿ ಇಪ್ಪತ್ತರಷ್ಟು ಮಂದಿ ಕೆಲಸಗಾರರಿದ್ದರು. ಬಿಡುವಿನಲ್ಲಿ ಚಿತ್ರ ಬರೆಯುವ ಹವ್ಯಾಸವಿದ್ದ ಆತ 1918ರಲ್ಲಿ ಸ್ಥಾಪನೆಯಾದ ಡಿ ಪ್ಲೂಖ್, ಎಂದರೆ ನೇಗಿಲು ಎಂಬ ಹೆಸರಿನ ಸ್ಥಳೀಯ ಕಲಾವಿದರ ಸಂಘವನ್ನು ಸೇರಿ ಅದರ ಭಿತ್ತಿಪತ್ರ, ಆಮಂತ್ರಣ, ಪ್ರದರ್ಶನದ ಪಟ್ಟಿಗಳನ್ನು ಮುದ್ರಿಸಿಕೊಡುತ್ತಿದ್ದ. ಆ ಸಂಘದ ಯಾನ್ ವೀಖರ್ಸ್ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಜರ್ಮನ್ ಚಿತ್ರಕಾರ ಕಿರ್ಖ್ನರನ ಒಡನಾಟ ಪಡೆದು ಬಂದಮೇಲೆ, ಉಜ್ವಲ ಬಣ್ಣ ಮತ್ತು ಒರಟು ಗೆರೆಗಳ ಅಭಿವ್ಯಕ್ತಿವಾದಿ ಶೈಲಿ ಗ್ರೋನಿಂಗೆನ್ನಿನಲ್ಲಿ ಬೇರುಬಿಟ್ಟಿತ್ತು. ವೆರ್ಕ್‌ಮನ್ ಆ ಗುಂಪಿನಲ್ಲಿ ಒಬ್ಬ ಸಾಧಾರಣ ಚಿತ್ರಕಾರನಾಗಿದ್ದ. ಮೊದಲ ಮಹಾಯುದ್ಧದ ಅನಂತರದ ಮುಗ್ಗಟ್ಟಿನಲ್ಲಿ ಅವನ ವ್ಯಾಪಾರ ಕುಸಿಯದೆ ಹೋಗಿದ್ದರೆ ಬಹುಶಃ ಹಾಗೆಯೇ ಉಳಿಯುತ್ತಿದ್ದ ಎಂದು ಊಹಿಸಲು ಅಡ್ಡಿಯಿಲ್ಲ.

1923ರಲ್ಲಿ ದೊಡ್ಡ ಮುದ್ರಣಾಲಯ ಮುಚ್ಚಿತು. ವೆರ್ಕ್‌ಮನ್ ಉಳಿದ ಅಷ್ಟಿಷ್ಟು ಸಾಮಗ್ರಿಯೊಂದಿಗೆ ಕಾಲುವೆಯ ದಡದ ಗೋದಾಮೊಂದರ ಮೇಲಂತಸ್ತಿಗೆ ಸ್ಥಳ ಬದಲಿಸಿದ. ಮದುವೆಯ ಕಾಗದ, ಅಂಗಡಿಯ ರಸೀದಿಗಳಂಥ ಚಿಲ್ಲರೆ ಕೆಲಸ ಹೊಟ್ಟೆಪಾಡಿಗೆ ಸಾಕಾಗುವಷ್ಟೂ ಬರುತ್ತಿರಲಿಲ್ಲ. ಆದರೆ ಸಮಯ, ಶಾಯಿ, ಹಳೆಯ ಕೈಮುದ್ರಣ ಯಂತ್ರ, ಭಿತ್ತಿಪತ್ರಗಳಿಗೆ ಬಳಸಿ ಸವೆದ ಮರದ ಮೊಳೆಗಳು ಕೈಗೆ ಸಿಕ್ಕುವಂತಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತ ಗ್ರೋನಿಂಗೆನ್ನಿನ ಹೆಸರನ್ನು ಬರ್ಲಿನ್, ಮಾಸ್ಕೋ, ಪ್ಯಾರಿಸ್‌ಗಳ ಜೊತೆಗೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಒಂದು ಪ್ರಕಟಣ ಪತ್ರವನ್ನು ಗೆಳೆಯರಿಗೆ ಕಳಿಸಿದ. ಅದರ ಹಿಂದೆಯೇ 'ದಿ ನೆಕ್ಸ್ಟ್ ಕಾಲ್' ಎಂಬ ಇಂಗ್ಲಿಷ್ ಹೆಸರಿನ ಪತ್ರಿಕೆ ಬಂತು. 1926ರವರೆಗೆ ಅದರ ಒಂಬತ್ತು ಸಂಚಿಕೆಗಳು ಹೊರಬಂದವು, ಪ್ರತಿಯೊಂದರದೂ ಸುಮಾರು ನಲವತ್ತು ಪ್ರತಿಗಳು. ಚಂದಾದಾರರು ಎಂಬ ಮಾತೇ ಇರಲಿಲ್ಲ. ಹೊರದೇಶಗಳ ಹೊಸ ಪಂಥದ ಕಲಾವಿದರಿಗೆ ಅಂಚೆಯಲ್ಲಿ ಕಳಿಸಿ ಅವರ ಪತ್ರಿಕೆಗಳನ್ನು ಬದಲಿಗೆ ಪಡೆಯುವುದು ಕ್ರಮವಾಗಿತ್ತು. ಥಿಯೋ ವಾನ್ ಡೂಸ್‌ಬರ್ಗ್, ಕುರ್ಟ್ ಶ್ವಿಟರ್ಸ್, ಲಿಸಿಟ್‌ಸ್ಕಿ, ಮಿಶೆಲ್ ಸ್ಯೂಫೋರ್ ಮೊದಲಾದವರೊಡನೆ ಹೀಗೆ ಬೆಳೆದ ಸಂಪರ್ಕವೇ ಊರು ಬಿಟ್ಟು ಹೆಚ್ಚು ಹೊರಗೆ ಹೋಗದ ಈ ಮುದ್ರಕನನ್ನು ಯೂರೋಪಿನ ಕಲಾಲೋಕಕ್ಕೆ ಜೋಡಿಸಿತು.

ಮೊದಲ ಸಂಚಿಕೆಯಲ್ಲಿಯೇ ಒಂದು ಪುಟದ ಮೇಲೆ ಬಾಗಿಲಿನ ಬೀಗದ ಲೋಹದ ಪಟ್ಟಿಯ ಅಚ್ಚು ಇದೆ. ತಿರುಪುಮೊಳೆಗಳ ತೂತುಗಳ ಸಮೇತ ಅದು ಶಾಯಿಯಲ್ಲಿ ನೆಟ್ಟಗೆ ನಿಂತು, ಪಕ್ಕದ ದಪ್ಪ ಅಕ್ಷರಗಳಿಗೆ ಸರಿಸಮನಾದ ಇನ್ನೊಂದು ಅಕ್ಷರದಂತೆ ಕಾಣುತ್ತದೆ. ಮೇಲೆ ಹೇಳಿದ ಎತ್ತರದ ನಿಯಮವನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಮೊಳೆಯ ಮಟ್ಟಕ್ಕೆ ಬಂದದ್ದೆಲ್ಲ ಅಚ್ಚಾಗುವುದಾದರೆ ಅಕ್ಷರಕ್ಕೂ ಬೀಗದ ಪಟ್ಟಿಗೂ ಯಂತ್ರದ ದೃಷ್ಟಿಯಲ್ಲಿ ಭೇದವಿಲ್ಲ ಎಂಬುದು ಪ್ರತಿಯೊಬ್ಬ ಮುದ್ರಕನಿಗೂ ಗೊತ್ತಿದ್ದ ಸಂಗತಿ. ಅದನ್ನು ದೋಷವೆಂದು ತಡೆಯದೆ ಸಾಧ್ಯತೆಯೆಂದು ಕಂಡದ್ದು ವೆರ್ಕ್‌ಮನ್ನನ ಹೊಸತನ. ಪುಟದಲ್ಲಿ ಕಾಣಿಸಬಾರದೆಂದೇ ಮಾಡಿದ ತುಂಬುಮರಗಳಿಗೂ ಶಾಯಿ ಹಚ್ಚಿ ಅಚ್ಚು ತೆಗೆದ. ಸವೆದು ಮೂಲೆ ಮುರಿದ ಮರದ ಅಕ್ಷರಗಳನ್ನು ಎಸೆಯದೆ ಅವುಗಳ ಎಳೆಗಳೂ ಗೀರುಗಳೂ ಬಣ್ಣದಲ್ಲಿ ಕಾಣುವಂತೆ ಬಳಸಿದ. ಆರನೆಯ ಸಂಚಿಕೆಯನ್ನು ಬಿಡಿಸಿದರೆ ಕಲೆ ಮತ್ತು ಅದರ ಸುತ್ತಮುತ್ತಲಿನ ಪ್ರದೇಶದ ನಕ್ಷೆಯೆಂದು ಹೇಳಿಕೊಳ್ಳುವ ಒಂದು ದೊಡ್ಡ ಹಾಳೆಯಾಗುತ್ತದೆ. ಪತ್ರಿಕೆಯ ಗದ್ಯ ಹಲವೆಡೆ ದಾದಾ ಪಂಥದವರ ಮಾತಿನಂತೆ ಅಸಂಬದ್ಧ. ಬರಹಗಾರನಾಗಿ ವೆರ್ಕ್‌ಮನ್ ಅಂಥ ದೊಡ್ಡವನೇನಲ್ಲ, ಆ ಬರಹ ಪುಟದ ಮೇಲಿನ ಕಪ್ಪು ಬಿಳುಪಿಗೆ ಒಂದು ನೆಪವಾದದ್ದೇ ಹೆಚ್ಚು.

ಪತ್ರಿಕೆಗೆ ಸಮಾನಾಂತರವಾಗಿ 1923ರಿಂದಲೇ ಆತ ಬಿಡಿ ಹಾಳೆಗಳ ಮೇಲೆ ಕೆಲಸ ಮಾಡುತ್ತಿದ್ದ. ಮುದ್ರಣ ಎಂಬ ಅರ್ಥದ ಡಚ್ ಪದದಿಂದ ತಾನೇ ಟಂಕಿಸಿದ 'ಡ್ರುಕ್ಸೆಲ್' ಎಂಬ ಹೆಸರನ್ನು ಅವುಗಳಿಗೆ ಇಟ್ಟ. ಟೈಪ್‌ರೈಟರಿನ ಅಕ್ಷರ, ಗೆರೆ, ಚುಕ್ಕೆಗಳಿಂದ ಕಾಗದದ ಮೇಲೆ ನೇಯ್ದ ಅಮೂರ್ತ ರಚನೆಗಳಿಗೆ 'ಟಿಕ್ಸೆಲ್' ಎಂಬ ಇನ್ನೊಂದು ಹೆಸರಿತ್ತು. ಮೊದಮೊದಲಿನ ಡ್ರುಕ್ಸೆಲ್‌ಗಳಲ್ಲಿ ಮರದ ಅಕ್ಷರಗಳೂ ಅಂಕಿಗಳೂ ದಿಮ್ಮಿಗಳೂ ಸೇರಿ ಕಾರ್ಖಾನೆಯ ಹೊಗೆಗೊಳವೆಗಳಾಗುತ್ತವೆ, ಗೋಪುರಗಳಾಗುತ್ತವೆ, ಅಥವಾ ಏನೂ ಆಗದೆ ಬರಿಯ ರಚನೆಯಾಗಿ ನಿಲ್ಲುತ್ತವೆ. 1920ರ ದಶಕದ ಕೊನೆಯ ಭಾಗದ ಕೆಲವು ಹಾಳೆಗಳಲ್ಲಿ ಎಕ್ಸ್ ಅಥವಾ ಓ ಅಕ್ಷರ ಒಂದೇ ಮತ್ತೆ ಮತ್ತೆ ಒತ್ತಿಸಿಕೊಂಡು, ಒಂದರ ಮೇಲೊಂದು ಬಿದ್ದು, ಮಾಸಿ, ಮತ್ತೆ ಎದ್ದು ಬರುತ್ತದೆ. ಅಲ್ಲಿ ಓದುವುದಕ್ಕೆ ಏನೂ ಇಲ್ಲ. ಆದರೂ ಅದು ಅಕ್ಷರವೆಂಬುದನ್ನು ಕಣ್ಣು ಮರೆಯುವುದಿಲ್ಲ, ಮತ್ತು ಆ ಹಾಳೆಗಳ ಬಿಗಿ ಇರುವುದೂ ಓದಬೇಕೆಂಬ ಅಭ್ಯಾಸಕ್ಕೂ ಓದಲಾಗದ ನೋಟಕ್ಕೂ ನಡುವಣ ಈ ಜಗ್ಗಾಟದಲ್ಲಿಯೇ.

ಕೆಲಸ ಮಾಡುವ ಬಗೆಯನ್ನು ವೆರ್ಕ್‌ಮನ್ 1941ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಹಳೆಯ ಕೈಯಂತ್ರದಲ್ಲಿ ಒತ್ತು ಮೇಲಿನಿಂದ ನೇರವಾಗಿ ಇಳಿಯುವುದರಿಂದ ಅದನ್ನು ಕೈಯ ಅಂದಾಜಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು. ಒಮ್ಮೆ ಬಿಗಿಯಾಗಿ, ಇನ್ನೊಮ್ಮೆ ಸೋಕಿಯೂ ಸೋಕದಂತೆ ಒತ್ತಬಹುದು. ಒಂದೇ ದಿಮ್ಮಿಯ ಅರ್ಧಕ್ಕೆ ಧಾರಾಳವಾಗಿ, ಉಳಿದರ್ಧಕ್ಕೆ ತೆಳುವಾಗಿ ಶಾಯಿ ಹಚ್ಚಬಹುದು. ಮೊದಲ ಅಚ್ಚನ್ನು ಬೇರೆ ಕಾಗದದ ಮೇಲೆ ತೆಗೆದು, ಮೊಳೆಯಲ್ಲಿ ಉಳಿದ ಶಾಯಿಯಿಂದ ಮಾಸಲು ಬಣ್ಣವನ್ನು ನಿಜವಾದ ಹಾಳೆಗೆ ಪಡೆಯಬಹುದು. ಒಂದೊಂದು ಹಾಳೆ ಐವತ್ತು ಸಲ ಯಂತ್ರದ ಅಡಿಗೆ ಹೋದದ್ದೂ ಉಂಟು. ವೃತ್ತಿಯ ಮುದ್ರಕನಿಗೆ ಒಂದೇ ಜೋಡಣೆಯಿಂದ ಸಾವಿರ ಹಾಳೆ ಒಂದೇ ಸಮ ಬರಬೇಕು. ಇಲ್ಲಿ ಅದೇ ಯಂತ್ರ ಒಂದು ಹಾಳೆಗಾಗಿ ಹತ್ತಾರು ಜೋಡಣೆಗಳನ್ನು ಬೇಡುತ್ತದೆ, ಹೊರಬಂದದ್ದಕ್ಕೆ ಸಾಮಾನ್ಯವಾಗಿ ಎರಡನೆಯ ಪ್ರತಿ ಇರುವುದಿಲ್ಲ. 1929ರಲ್ಲಿ ಕಲೋನ್ ಮತ್ತು ಪ್ಯಾರಿಸ್‌ಗಳಿಗೆ ಹೋಗಿಬಂದ ಮೇಲೆ ಶಾಯಿಯ ರೋಲರನ್ನು ನೇರವಾಗಿ ಕಾಗದದ ಮೇಲೆ ಉರುಳಿಸುವುದನ್ನೂ ಮೊಳೆಗಳನ್ನು ಕೈಯಲ್ಲಿ ಹಿಡಿದು ಮುದ್ರೆಯೊತ್ತುವುದನ್ನೂ ಆತ ಆರಂಭಿಸಿದ. ಇದರಿಂದ ಚೇಸಿನ ಬಿಗಿತ ತಪ್ಪಿತು, ಲಂಬಕೋನ ತಪ್ಪಿತು, ಅಕ್ಷರ ಬೇಕಾದ ಕಡೆಗೆ ವಾಲುವಂತಾಯಿತು. 1930ರ ದಶಕದ ನಡುವಿನಿಂದ ಕತ್ತರಿಸಿದ ಕಾಗದದ ಅಚ್ಚುಪಟ್ಟಿಗಳನ್ನೂ ಸೇರಿಸಿಕೊಂಡಾಗ ಮನುಷ್ಯಾಕೃತಿಗಳು ಬಂದವು, ಅಕ್ಷರ ಹಿಂದೆ ಸರಿಯಿತು. ಕೊನೆಯ ದಶಕದ ಈ ಚಿತ್ರಗಳೇ ಜನಪ್ರಿಯವಾದರೂ, ಮೊಳೆ ಮುದ್ರಣದ ಚರಿತ್ರೆಯ ದೃಷ್ಟಿಯಿಂದ 1920ರ ದಶಕದ ಒರಟು ಹಾಳೆಗಳೇ ಹೆಚ್ಚು ತೂಕದವು ಎನ್ನಬೇಕಾಗುತ್ತದೆ.

1940ರ ಮೇ ತಿಂಗಳಿನಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸನ್ನು ಆಕ್ರಮಿಸಿತು. ಆ ವರ್ಷದ ಕೊನೆಯ ಹೊತ್ತಿಗೆ ಆಗಸ್ಟ್ ಹೆಂಕೆಲ್ಸ್ ಎಂಬ ಪಾದ್ರಿಯೂ ಅವನ ಇಬ್ಬರು ಗೆಳೆಯರೂ ವೆರ್ಕ್‌ಮನ್ನನನ್ನು ಕಂಡು ಕವಿತೆಯೊಂದನ್ನು ಅಚ್ಚು ಹಾಕಿಕೊಡುವಂತೆ ಕೇಳಿದರು. 1572ರಲ್ಲಿ ಸ್ಪೇನ್ ದೊರೆತನದ ವಿರುದ್ಧ ಡಚ್ಚರು ಎದ್ದ ಬಂಡಾಯದ ವರ್ಷವನ್ನು ಕುರಿತ ಆ ಕವಿತೆಯಿಂದ 'ಡಿ ಬ್ಲೌವ ಸ್ಖೌಟ್', ಎಂದರೆ ನೀಲಿ ದೋಣಿ ಎಂಬ ಗುಪ್ತ ಪ್ರಕಾಶನ ಆರಂಭವಾಯಿತು. ಒಟ್ಟು ನಲವತ್ತು ಪ್ರಕಟಣೆಗಳು. ಎಲ್ಲದರ ವಿನ್ಯಾಸ, ಚಿತ್ರ, ಮುದ್ರಣ ವೆರ್ಕ್‌ಮನ್ನನದೇ. ಹಳೆಯ ಪಠ್ಯವನ್ನು ಆರಿಸಿ ಅದರಿಂದ ಇಂದಿನ ಮಾತನ್ನು ಹೇಳಿಸುವುದು ಈ ಪ್ರಕಾಶನದ ಜಾಣತನ. 1942ರ ವರ್ಷಕ್ಕೆ ತಯಾರಿಸಿದ ತುರ್ಕಿ ಪಂಚಾಂಗ ಅದಕ್ಕೆ ಒಳ್ಳೆಯ ನಿದರ್ಶನ: ಗುಟೆನ್‌ಬರ್ಗನ ಕಾಲದಲ್ಲಿ, ತುರ್ಕರ ದಾಳಿಗೆ ಹೆದರಿದ ಕ್ರೈಸ್ತ ಲೋಕವನ್ನು ಎಚ್ಚರಿಸಲು 1455ನೆಯ ವರ್ಷಕ್ಕೆಂದು ಅಚ್ಚಾದ ಪಂಚಾಂಗ ಯೂರೋಪಿನ ಮೊಳೆ ಮುದ್ರಣದ ಅತಿ ಹಳೆಯ ಉಳಿಕೆಗಳಲ್ಲಿ ಒಂದು, ಅದೇ ಪಠ್ಯ ಐನೂರು ವರ್ಷಗಳಿಗೆ ಸಮೀಪವಾದ ಮೇಲೆ ಗ್ರೋನಿಂಗೆನ್ನಿನಲ್ಲಿ ಮತ್ತೆ ಅಚ್ಚಾದಾಗ, ಅಲ್ಲಿನ ಶತ್ರು ಯಾರೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

1942 ಮತ್ತು 1943ರಲ್ಲಿ ಹತ್ತು ಹತ್ತು ಚಿತ್ರಗಳ ಎರಡು ಸಂಪುಟಗಳಾಗಿ ಹೊರಬಂದ, ಹಸೀದಿ ಎಂಬ ಯಹೂದಿ ಭಕ್ತಿಪಂಥದ ಕಥೆಗಳ ಮಾಲೆ ಈ ಘಟ್ಟದ ಮುಖ್ಯ ಕೃತಿ. 18ನೆಯ ಶತಮಾನದ ಪೂರ್ವ ಯೂರೋಪಿನ ಯಹೂದಿ ಸಂತ ಬಾಲ್ ಶೆಮ್ ತೋವ್‌ನನ್ನು ಕುರಿತು ಮಾರ್ಟಿನ್ ಬೂಬರ್ ಜರ್ಮನ್ ಭಾಷೆಯಲ್ಲಿ ಸಂಗ್ರಹಿಸಿ ಬರೆದ ಕಥೆಗಳು ಅದರ ಆಧಾರ. ನೆದರ್ಲೆಂಡ್ಸಿನ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಮರಣ ಶಿಬಿರಗಳಿಗೆ ಸಾಗಿಸಲು ಆರಂಭಿಸಿದ್ದು 1942ರ ಜುಲೈನಲ್ಲಿ. ಅವೇ ತಿಂಗಳುಗಳಲ್ಲಿ ಯಹೂದಿ ಸಂತನ ಕಥೆಯನ್ನು ಹೊಳೆಯುವ ಹಳದಿ, ನೀಲಿ, ಕೆಂಪುಗಳಲ್ಲಿ ಅಚ್ಚು ಹಾಕುವುದೆಂದರೆ ಏನು ಎಂಬುದು ಮುದ್ರಕನಿಗೂ ಪ್ರತಿಗಳನ್ನು ಕೊಂಡವರಿಗೂ ಗೊತ್ತಿತ್ತು. ಯುದ್ಧಕಾಲದಲ್ಲಿ ಕಾಗದಕ್ಕೂ ಶಾಯಿಗೂ ಅಭಾವವಿತ್ತು. ಅಲ್ಪ ಸಾಮಗ್ರಿಯಿಂದ, ಯಂತ್ರದ ನೆರವು ಕಡಿಮೆಯಾಗಿ, ಬೆರಳೆಣಿಕೆಯ ಪ್ರತಿಗಳನ್ನು ತೆಗೆಯುವ ವಿಧಾನವನ್ನು ಎರಡು ದಶಕಗಳಿಂದ ರೂಢಿಸಿಕೊಂಡಿದ್ದ ಮುದ್ರಕನಿಗೆ ಅದು ಇತರರಿಗಾದಷ್ಟು ಅಡ್ಡಿಯಾಗಲಿಲ್ಲ.

1945ರ ಮಾರ್ಚ್ 13ರಂದು ಜರ್ಮನ್ ಪೊಲೀಸರು ವೆರ್ಕ್‌ಮನ್ನನನ್ನು ಬಂಧಿಸಿ, ಅವನ ಕೃತಿಗಳ ಬಹುಭಾಗವನ್ನು ವಶಪಡಿಸಿಕೊಂಡರು. ಏಪ್ರಿಲ್ 10ರಂದು ಬಕ್ಕೆವೇನ್ ಬಳಿಯ ಕಾಡಿನಲ್ಲಿ ಇತರ ಒಂಬತ್ತು ಮಂದಿ ಬಂದಿಗಳ ಜೊತೆಗೆ ಅವನನ್ನು ಗುಂಡಿಟ್ಟು ಕೊಲ್ಲಲಾಯಿತು. ಮೂರು ದಿನಗಳ ಅನಂತರ ಕೆನಡಾದ ಸೈನ್ಯ ಗ್ರೋನಿಂಗೆನ್ನಿಗೆ ಲಗ್ಗೆಯಿಟ್ಟಿತು, 16ರಂದು ನಗರ ಬಿಡುಗಡೆಯಾಯಿತು. ಆ ಕಾಳಗದಲ್ಲಿ ಜರ್ಮನ್ ಭದ್ರತಾ ಪೊಲೀಸರ ಕೇಂದ್ರ ಕಚೇರಿಯಾಗಿದ್ದ, ನಗರದ ನಡುಚೌಕದ ಸ್ಕೋಲ್ಟನ್ ಭವನ ಸುಟ್ಟುಹೋದಾಗ ವಶಪಡಿಸಿಕೊಂಡಿದ್ದ ಕೃತಿಗಳೂ ಬೂದಿಯಾದವು. ಈಗ ಉಳಿದಿರುವವು ಬಹುಮಟ್ಟಿಗೆ ಗೆಳೆಯರ ಮನೆಗಳಲ್ಲಿದ್ದ ಹಾಳೆಗಳು. ಗುಂಡೇಟಿಗೆ ಬಲಿಯಾದ ಕಲಾವಿದ ಎಂಬ ಕೀರ್ತಿ ಅವನ ಹೆಸರನ್ನು ಬೇಗ ಹರಡಿತೆಂಬುದು ನಿಜ. ಅದೇ ಕೀರ್ತಿ ಅವನ ಕಸುಬನ್ನು ಮರೆಮಾಡಿತೆಂಬುದೂ ನಿಜ.

ಆ ಕಸುಬನ್ನು ಗುರುತಿಸಿದವನು ವಿಲೆಮ್ ಸಾಂಡ್‌ಬರ್ಗ್. ತಾನೂ ಮುದ್ರಣ ವಿನ್ಯಾಸಕಾರನಾಗಿದ್ದು, ಪ್ರತಿರೋಧ ಚಳವಳಿಯಲ್ಲಿ ಭಾಗವಹಿಸಿ, 1943ರಿಂದ ಎರಡು ವರ್ಷ ತಲೆಮರೆಸಿಕೊಂಡಿದ್ದಾಗಲೂ ಅಕ್ಷರಗಳ ಪ್ರಯೋಗದ ಕೈಪುಸ್ತಿಕೆಗಳನ್ನು ರಚಿಸುತ್ತಿದ್ದ ಆತ, ಯುದ್ಧ ಮುಗಿದ ಕೂಡಲೇ ಆಮ್‌ಸ್ಟರ್‌ಡಾಮಿನ ಸ್ಟೇಡಲಿಕ್ ಸಂಗ್ರಹಾಲಯದ ನಿರ್ದೇಶಕನಾದ. 1945ರಲ್ಲಿಯೇ ಅಲ್ಲಿ ವೆರ್ಕ್‌ಮನ್ನನ ಕೃತಿಗಳ ಪ್ರದರ್ಶನ ನಡೆಯಿತು. ಮುಂದೆ 1962ರವರೆಗೆ ಸಾಂಡ್‌ಬರ್ಗ್ ಆ ಸಂಗ್ರಹಾಲಯಕ್ಕಾಗಿ ಸಿದ್ಧಪಡಿಸಿದ ನೂರಾರು ಪ್ರದರ್ಶನ ಪುಸ್ತಿಕೆಗಳಲ್ಲಿ ಕೈಯಿಂದ ಹರಿದ ಕಾಗದದ ಅಂಚು, ಒರಟು ಕಂದು ಕಾಗದ, ಖಾಲಿ ಜಾಗದ ಧೈರ್ಯ ಇವುಗಳಲ್ಲಿ ಗ್ರೋನಿಂಗೆನ್ನಿನ ಮೇಲಂತಸ್ತಿನ ಋಣ ಕಾಣುತ್ತದೆ.

1960ರ ದಶಕದಿಂದ ಆಫ್‌ಸೆಟ್ ಮುದ್ರಣ ಮತ್ತು ಫೋಟೊ ಅಕ್ಷರ ಜೋಡಣೆಗಳು ಪಾಶ್ಚಾತ್ಯ ದೇಶಗಳ ಮೊಳೆ ಮುದ್ರಣಾಲಯಗಳನ್ನು ಒಂದೊಂದಾಗಿ ಮುಚ್ಚಿಸಿದಾಗ, ವೆರ್ಕ್‌ಮನ್ನನಿಗೆ ಒಬ್ಬಂಟಿಯಾಗಿ ಒದಗಿದ್ದ ಸ್ಥಿತಿ ಇಡೀ ಕಸುಬಿಗೇ ಒದಗಿತು. ಸಾನ್ ಫ್ರಾನ್ಸಿಸ್ಕೊದ ಜ್ಯಾಕ್ ಸ್ಟಾಫಾಕರ್ 1966ರಲ್ಲಿ ತನ್ನ ಮುದ್ರಣಾಲಯವನ್ನು ಬೇರೊಂದು ಕಟ್ಟಡಕ್ಕೆ ಸಾಗಿಸಿದಾಗ ಅಲ್ಲಿ ಹಿಂದಿನವರು ಬಿಟ್ಟುಹೋಗಿದ್ದ ಮರದ ಮೊಳೆಗಳು ಸಿಕ್ಕವು; ಪುಸ್ತಕ ಮುದ್ರಣದ ಶಿಸ್ತಿನಲ್ಲಿ ಪಳಗಿದ್ದ ಆತ ಆ ಒಡಕು ಅಕ್ಷರಗಳಿಂದ ದಶಕಗಳ ಕಾಲ ಅಚ್ಚು ಚಿತ್ರಗಳನ್ನು ಮಾಡಿದ. ಇಂಗ್ಲೆಂಡಿನಲ್ಲಿ ಕಂಪೋಸಿಟರ್ ಕೆಲಸ ಕಲಿತು ಬಂದ ಆಲನ್ ಕಿಚಿಂಗ್ 1989ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಪ್ರದೇಶದಲ್ಲಿ ಕಾರ್ಯಾಗಾರ ತೆರೆದು ಮರದ ಮೊಳೆಯ ಬಣ್ಣದ ಅಚ್ಚುಗಳಿಗೆ ಹೊಸ ಮನ್ನಣೆ ತಂದರು. ಟೂ ರಿವರ್ಸಿನ ಹ್ಯಾಮಿಲ್ಟನ್ ಸಂಸ್ಥೆಯ ಮೊಳೆಗಳೂ ಯಂತ್ರಗಳೂ 1999ರಿಂದ ಸಂಗ್ರಹಾಲಯವೊಂದರಲ್ಲಿ ಬಳಕೆಯ ಸ್ಥಿತಿಯಲ್ಲಿಯೇ ಉಳಿದುಕೊಂಡಿವೆ, ಕಲಾವಿದರು ಅಲ್ಲಿಗೆ ಹೋಗಿ ಅವುಗಳಿಂದ ಅಚ್ಚು ತೆಗೆಯುತ್ತಾರೆ.

ಕನ್ನಡದ ಮೊಳೆಗಳ ಪಾಡು ಬೇರೆ. ಕಿಟೆಲ್ ಕೋಶವನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚು ಹಾಕಿದ ಕಾಲದಿಂದ ಆಫ್‌ಸೆಟ್ ಬರುವವರೆಗೆ ಬೆಳೆದ ಈ ಮೊಳೆಗಳ ಪೆಟ್ಟಿಗೆಯಲ್ಲಿ ಮೂಲಾಕ್ಷರಗಳ ಜೊತೆಗೆ ಕೊಂಬು, ದೀರ್ಘ, ಒತ್ತುಗಳು ಬಿಡಿಬಿಡಿ ತುಂಡುಗಳಾಗಿದ್ದವು. ಕಂಪೋಸಿಟರ್ ನೂರಾರು ಮನೆಗಳಿಂದ ಅವನ್ನು ಆಯ್ದು ಒಂದು ಅಕ್ಷರವನ್ನು ಕಟ್ಟಬೇಕಾಗಿತ್ತು. ಪೂರ್ಣ ಅಕ್ಷರವಲ್ಲದ ಇಂಥ ತುಂಡುಗಳ ಸಂಪತ್ತು ರೋಮನ್ ಲಿಪಿಯ ಮುದ್ರಕನಿಗೆ ಇರಲೇ ಇಲ್ಲ. ಚಿತ್ರರಚನೆಗೆ ಅವು ಎಷ್ಟು ಒದಗುತ್ತವೆ ಎಂಬುದನ್ನು ವೆರ್ಕ್‌ಮನ್ನನ ಹಾಳೆಗಳನ್ನು ನೋಡಿದವರು ಊಹಿಸಿಕೊಳ್ಳಬಹುದು. ಡಿಟಿಪಿ ಬಂದ ಮೇಲೆ ಈ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಇನ್ನೂ ಪೆಟ್ಟಿಗೆಗಳನ್ನು ಉಳಿಸಿಕೊಂಡಿರುವ ಮುದ್ರಣಾಲಯಗಳು ಅವನ್ನು ಮಾರುವ ಮೊದಲು ಒಂದೊಂದು ಮೊಳೆಯ ಅಚ್ಚನ್ನಾದರೂ ಕಾಗದದ ಮೇಲೆ ತೆಗೆದಿರಿಸಿ, ಒಂದು ಪೂರ್ಣ ಪೆಟ್ಟಿಗೆಯನ್ನು ಹತ್ತಿರದ ಕಲಾಶಾಲೆಗೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕು. ಕಲಾಶಾಲೆಗಳು ಅದನ್ನು ಗಾಜಿನ ಕಪಾಟಿನಲ್ಲಿ ಇಡದೆ ವಿದ್ಯಾರ್ಥಿಗಳ ಕೈಗೆ ಕೊಡಬೇಕು.